ಸುಬ್ರಾಯರಿಗೆ ಬಾರದ ಜ್ವರ

ಜ್ವರ ಬಂತೆಂದು ಡಾಕ್ಟರ ಬಳಿಗೆ ಓಡಿದವರನ್ನು ಲೋಕ ಬೇಕಾದಷ್ಟು ಕಂಡಿದೆ. ಜ್ವರ ಬರಲಿಲ್ಲವೆಂದು ದೂರು ಕೊಡಲು ಓಡಿದವರು, ತಿಳಿದ ಮಟ್ಟಿಗೆ, ಕ್ಲಾಂಗಿನ ಸುಬ್ರಾಯರೊಬ್ಬರೇ. ಇಷ್ಟು ಕೇಳಿದೊಡನೆ ನಗುವುದು ನ್ಯಾಯವಲ್ಲ. ಅವರ ಕಡೆಯ ವಾದವನ್ನೂ ಪೂರ್ತಿ ಕೇಳಿಕೊಂಡು ಆಮೇಲೆ ನಕ್ಕರೆ ಪಾಪ ಕಡಿಮೆ.

ಸುಬ್ರಾಯರು ಉಡುಪಿ ಕಡೆಯವರು. ಮಲಯ್ ನಾಡಿನ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಮೂವತ್ತೊಂದು ವರ್ಷದಿಂದ ಕೆಲಸ. ಕಂಟೇನರಿನ ಜೊತೆಗೆ ಬರುವ ಪ್ಯಾಕಿಂಗ್ ಲಿಸ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಪೆನ್ನು ಹಿಡಿದು, ಲಿಸ್ಟಿನಲ್ಲಿ ಇದ್ದದ್ದೆಲ್ಲ ಒಳಗೂ ಇದೆಯೇ ಎಂದು ನೋಡಿ ಗುರುತು ಹಾಕುವುದೇ ಆ ಕೆಲಸ. ನಲವತ್ತು ಫ್ಯಾನು ಎಂದು ಬರೆದಿದ್ದು ಮೂವತ್ತೊಂಬತ್ತು ಬಂದರೆ ಮಾಲು ಶಾರ್ಟ್. ಕೂಡಲೇ ಪತ್ರ ಬರೆಯಬೇಕು. ಹೀಗೆ ಗುರುತು ಹಾಕಿ ಹಾಕಿ ಅವರ ಮನಸ್ಸು ಒಂದು ಸಿದ್ಧಾಂತದ ಮೇಲೆ ಬಂದು ಕೂತುಬಿಟ್ಟಿತ್ತು. ಕಾಗದದಲ್ಲಿ ಬರೆದದ್ದು ಬರಲೇಬೇಕು. ಬರಲಿಲ್ಲವೆಂದರೆ ಎಲ್ಲೋ ಏನೋ ತಪ್ಪಾಗಿದೆ. ಅದು ತನ್ನದೇ ತಪ್ಪಾಗಿರುವ ಸಾಧ್ಯತೆಯೂ ಇದೆ.

ಇಂಥ ಮನುಷ್ಯನಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಒಂದು ದೊಡ್ಡ ಪದವಿ ಒದಗಿ ಬಂತು. ಅಲ್ಲಿಯ ರಾಜಧಾನಿಯ ಬ್ರಿಕ್‌ಫೀಲ್ಡ್ಸಿನಲ್ಲಿದ್ದ ಮಗಳು ಅನನ್ಯಳಿಗೆ ಹೆಣ್ಣುಮಗು ಹುಟ್ಟಿತ್ತು. ಮಗು ಒಂದು ತಿಂಗಳು ಮೊದಲೇ ಹುಟ್ಟಿ, ಮೂರು ವಾರ ಆಸ್ಪತ್ರೆಯಲ್ಲೇ ಇದ್ದುದರಿಂದ ನಾಮಕರಣ ಮುಂದಕ್ಕೆ ಹೋಗಿತ್ತು. ಅಳಿಯ ಕೌಶಲ್ ಮೈಸೂರಿನವನು. ಅಕ್ಕತಂಗಿಯರಿಲ್ಲ, ತಂದೆಯೂ ಇಲ್ಲ. ಆದ್ದರಿಂದ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಹಕ್ಕು ತಾಯಿಯ ತಂದೆಗೆ ಎಂದು ಎರಡೂ ಮನೆಯವರು ಒಪ್ಪಿದ್ದರು. ಹೆಸರು ಗಾನವಿ. ಸುಬ್ರಾಯರು ಆ ದಿನದಿಂದಲೇ ಅಭ್ಯಾಸಕ್ಕೆ ತೊಡಗಿದರು. ಎಷ್ಟು ಮೆತ್ತಗೆ ಹೇಳಿದರೆ ಮಗು ಬೆಚ್ಚುವುದಿಲ್ಲ ಎಂದು ತಿಳಿಯಲು ಹೆಂಡತಿ ಸುಮತಿಯ ಕಿವಿಯಲ್ಲಿ ಹೇಳಿ ನೋಡುತ್ತಿದ್ದರು. ಮದುವೆಯಾದ ಮೇಲೆ ಈ ಮನುಷ್ಯ ಕಿವಿಯಲ್ಲಿ ಹೇಳಿದ ಮೊದಲ ಮಾತು ಇದು, ಅದೂ ಬೇರೆ ಹೆಣ್ಣಿನ ಹೆಸರು ಎಂದು ಸುಮತಿ ನೆರೆಮನೆಯಲ್ಲಿ ಹೇಳಿಕೊಂಡು ನಕ್ಕರು.

ಕೌಶಲ್ ಸಾಫ್ಟ್‌ವೇರಿನವನು, ಅದಕ್ಕಿಂತ ಹೆಚ್ಚಾಗಿ ಹೊಸದಾಗಿ ತಂದೆಯಾದವನು. ಮಗುವಿನ ಡಾಕ್ಟರು ಹೇಳಿದ ಎರಡು ಮಾತನ್ನು ಅವನು ಹನ್ನೊಂದು ನಿಯಮಗಳಾಗಿ ಬೆಳೆಸಿ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ. ನಾಲ್ಕನೆಯ ನಿಯಮದ ಪ್ರಕಾರ ಮಗುವಿನ ಹತ್ತಿರ ಬರುವವರು ಎರಡು ವಾರ ಮೊದಲೇ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಐದನೆಯ ನಿಯಮದ ಪ್ರಕಾರ ಜ್ವರ, ಕೆಮ್ಮು, ನೆಗಡಿ ಇದ್ದವರು ಮನೆಯಲ್ಲೇ ಕೂತು ವೀಡಿಯೊದಲ್ಲಿ ನೋಡಬೇಕು.

ಸುಬ್ರಾಯರಿಗೆ ಹಿಂದಿನ ವರ್ಷ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆವಾಸವಾಗಿತ್ತು. ಹಾಗಾಗಿ ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಎರಡು ಚುಚ್ಚುಮದ್ದನ್ನು ಒಟ್ಟಿಗೇ ಹಾಕಿಸಿದರು. ಎಡತೋಳಿಗೆ ಫ್ಲೂ, ಬಲತೋಳಿಗೆ ನ್ಯುಮೋನಿಯಾ. ಅಲ್ಲಿಯ ನರ್ಸನ್ನು ಊರವರೆಲ್ಲ ಕರೆಯುವುದು ಮಿಸಿ ರೋಹಾನಾ ಎಂದು; ಆ ಊರಿನಲ್ಲಿ ನರ್ಸೆಂದರೆ ಮಿಸಿ. ಚುಚ್ಚಿದ್ದು ತಿಳಿಯದಷ್ಟು ಹಗುರ ಕೈ. ಆದರೂ ಸುಬ್ರಾಯರು ಎರಡು ಸಲವೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಅಲರ್ಜಿಯಂಥದ್ದೇನಾದರೂ ಆದರೆ ಗೊತ್ತಾಗಲಿ ಎಂದು ಮಿಸಿ ಅರ್ಧ ಗಂಟೆ ಕೂರಿಸಿದಳು. ಸುಮ್ಮನೆ ಕೂರುವುದು ಸುಬ್ರಾಯರಿಗೆ ಬಾರದ ವಿದ್ಯೆ. ಔಷಧಿಯ ಡಬ್ಬಿಯೊಳಗೆ ಮಡಚಿಟ್ಟಿರುವ ಕಾಗದ ಕೊಡಲು ಸಾಧ್ಯವೇ ಎಂದು ಕೇಳಿದರು. ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಮಿಸಿ ಎರಡು ಕಾಗದವನ್ನೂ ಕೊಟ್ಟಳು. ಜೊತೆಗೆ ಬಂದು ತಾನೂ ಫ್ಲೂ ಸೂಜಿ ಹಾಕಿಸಿಕೊಂಡಿದ್ದ ಸುಮತಿಗೆ ಒಂದು ಮಿಠಾಯಿ ಕೊಟ್ಟಳು.

ಮನೆಗೆ ಬಂದ ಸುಬ್ರಾಯರು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಎರಡೂ ಕಾಗದಗಳನ್ನು ಓದಿ, ಸ್ಕೇಲಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದರು. ತೋಳುನೋವು, ಕೆಂಪಾಗುವುದು, ಊತ, ಜ್ವರ, ಚಳಿ, ತಲೆನೋವು, ಮೈಕೈನೋವು, ಸುಸ್ತು, ವಾಕರಿಕೆ, ಹಸಿವು ಕಡಿಮೆಯಾಗುವುದು, ಹೀಗೆ ಒಟ್ಟು ಹದಿನೇಳು ಬಾಬತ್ತು. ಒಂದೊಂದರ ಮುಂದೆಯೂ ಪುಟ್ಟ ಚೌಕ. ತೀವ್ರ ಅಲರ್ಜಿಯ ಬಾಬತ್ತನ್ನು ಮಾತ್ರ, ಕ್ಲಿನಿಕ್ಕಿನಲ್ಲೇ ಅರ್ಧ ಗಂಟೆ ಕಾದು ಮುಗಿಸಿದ್ದರಿಂದ, ಪಟ್ಟಿಯಿಂದ ಬಿಟ್ಟರು. ಉಳಿದವು ಬಂದ ಹಾಗೆ ಗುರುತು ಹಾಕಲು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾದರು.

ಮರುದಿನ ಬೆಳಿಗ್ಗೆ ಎಡತೋಳು ಸ್ವಲ್ಪ ನೊಂದಿತು. ಸುಬ್ರಾಯರು ಸಂತೋಷದಿಂದ ಮೊದಲ ಗುರುತು ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ಹೋಯಿತು. ಸೋಮವಾರ ಏನೂ ಬರಲಿಲ್ಲ. ಮಂಗಳವಾರ ಹಸಿವು ಕಡಿಮೆಯಾದಂತೆ ಅನಿಸಿ ಪೆನ್ನು ತೆಗೆದರು. ಬೆಳಗಿನ ಒಂಬತ್ತು ನೀರುದೋಸೆ ತಾನೇ ಬಡಿಸಿದ್ದು ಎಂದು ಸುಮತಿ ಸಾಕ್ಷಿ ನುಡಿದುದರಿಂದ ಆ ಚೌಕ ಖಾಲಿಯಾಗಿಯೇ ಉಳಿಯಿತು. ಸುಮತಿಗೆ ಒಂದು ದಿನ ತಲೆ ಭಾರವಾಗಿತ್ತಂತೆ. ಬಟ್ಟೆ ಒಣಗಿಸುವ ಗಡಿಬಿಡಿಯಲ್ಲಿ ಅದು ಯಾವ ದಿನ ಎಂದೇ ಅವರಿಗೆ ನೆನಪಿರಲಿಲ್ಲ. ಇಂಥ ಅಮೂಲ್ಯ ಮಾಲನ್ನು ದಾಖಲೆಯಿಲ್ಲದೆ ಹಾಳುಮಾಡಿದರಲ್ಲ ಎಂದು ಸುಬ್ರಾಯರಿಗೆ ಬೇಸರವಾಯಿತು.

ಬುಧವಾರ ಬೀಗಿತ್ತಿ ಚಾಮುಂಡಮ್ಮನವರ ಫೋನು ಬಂತು. ಅವರು ಮೊಮ್ಮಗಳ ಆರೈಕೆಗೆಂದು ಮೈಸೂರಿನಿಂದ ಬಂದು ಮಗನ ಮನೆಯಲ್ಲಿದ್ದರು. ಸೂಜಿಯನ್ನೂ ಸುಬ್ರಾಯರು ಹಾಕಿಸಿಕೊಂಡ ದಿನವೇ ಹಾಕಿಸಿಕೊಂಡಿದ್ದರು.

"ಏನ್ ಜ್ವರ ಅಂತೀರಾ ಬೀಗ್ರೇ, ನೂರಾ ಎರಡು," ಎಂದು ಚಾಮುಂಡಮ್ಮ ಶುರುಮಾಡಿದರು. "ಎರಡು ದಿನ. ಮೂರು ಕಂಬಳಿ ಹೊದ್ಕೊಂಡ್ರೂ ಮಂಚ ಅಲ್ಲಾಡ್ತಿತ್ತು. ಔಷಧಿ ಒಳಗಡೆ ಕೂತ್ಕೊಂಡು ಹೆಂಗೆ ಕೆಲ್ಸ ಮಾಡ್ತಿದೆ ಅಂತ ನಂಗೇ ಗೊತ್ತಾಗ್ತಿತ್ತು. ನಿಮ್ಗೆ ಎಷ್ಟು ಬಂತು?"

ಸುಬ್ರಾಯರು ಒಂದೇ ಗುರುತಿದ್ದ ಪಟ್ಟಿಯನ್ನು ನೋಡಿದರು. ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಬರ್ತಾ ಉಂಟು," ಎಂದರು.

ಆ ಕ್ಷಣದಿಂದ ಅವರ ನೆಮ್ಮದಿ ಹೋಯಿತು. ಮೈಸೂರಿನವರ ಔಷಧಿ ಮಂಚ ಅಲ್ಲಾಡಿಸುವಷ್ಟು ಕೆಲಸ ಮಾಡಿದೆ. ತನ್ನದು ಒಂದು ತೋಳನ್ನು ಅರ್ಧ ದಿನ ನೋಯಿಸಿ ಸುಮ್ಮನಾಗಿದೆ. ಇಂಥ ಔಷಧಿಯನ್ನು ನಂಬಿಕೊಂಡು, ತಿಂಗಳು ತುಂಬದೆ ಹುಟ್ಟಿದ ಮಗುವಿನ ಕಿವಿಯ ಹತ್ತಿರ ಬಾಯಿ ಒಯ್ಯುವುದು ಹೇಗೆ?

ನೆರೆಮನೆಯ ತಿಲಗವತಿ ಅಕ್ಕನಿಗೆ ವಿಷಯ ಸುಮತಿಯಿಂದ ತಿಳಿಯಿತು. ಆಕೆ ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ಸೂಜಿ ಮೈಗೆ ಹತ್ತಿದರೆ ಜ್ವರ ಬಂದೇ ಬರಬೇಕು. ಆಕೆಯ ಮಾವನಿಗೆ ನಾಲ್ಕು ದಿನ ಬಂದಿತ್ತು, ಆಮೇಲೆ ಸಾಯುವವರೆಗೂ ಒಂದು ಸೀನು ಬರಲಿಲ್ಲ. ಸುಬ್ರಾಯಣ್ಣನಿಗೂ ಜ್ವರ ಇದೆ, ನಾಚಿಕೆಯಿಂದ ಒಳಗೇ ಅಡಗಿದೆ, ಹೊರಗೆ ಎಳೆಯಬೇಕು. ಎಳೆಯಲು ಒಂದು ಚೊಂಬು ಸುಕ್ಕುಕಾಫಿ ಕಾಸಿ ತಂದಳು. ಒಣಶುಂಠಿ, ಕರಿಮೆಣಸು ಎರಡೂ ಧಾರಾಳವಾಗಿ ಬಿದ್ದಿದ್ದವು. ಸುಬ್ರಾಯರು ಅರ್ಧ ಚೊಂಬು ಕುಡಿಯುವಷ್ಟರಲ್ಲಿ ಅಂಗಿ ಒದ್ದೆಯಾಯಿತು. ಕೂಡಲೇ ಪೆನ್ನು ತೆಗೆದು, ಬೆವರುವುದು ಎಂಬ ಬಾಬತ್ತನ್ನು ಹುಡುಕಿದರು.

ಸುಮತಿ ಪೆನ್ನು ಕಸಿದುಕೊಂಡರು. "ಅದು ಅಕ್ಕನ ಕಾಫಿಯ ಸೈಡ್ ಎಫೆಕ್ಟ್. ಅದಕ್ಕೆ ಬೇರೆ ಲಿಸ್ಟ್ ಮಾಡಿ."

ಗುರುವಾರ ಸುಬ್ರಾಯರು ಪಟ್ಟಿಯನ್ನು ಆಫೀಸಿಗೆ ಒಯ್ದರು. ಅಲ್ಲಿ ಅವರ ಪಕ್ಕದ ಮೇಜಿನ ಮೌರಿಸ್ ಮಂಗಳೂರಿನವರು, ಇಪ್ಪತ್ತು ವರ್ಷದ ಸ್ನೇಹಿತರು. ಕಡಲಾಚೆಯಿಂದ ಬಂದ ಎಂಥ ಮಾಲಿನ ದೋಷವನ್ನೂ ಕಾಗದ ನೋಡಿಯೇ ಹೇಳಬಲ್ಲವರು. ತಮಿಳು ಮುಸಲ್ಮಾನರ ಮಾಮಕ್ ಅಂಗಡಿಯಲ್ಲಿ ಚಹಾ ತರಿಸಿಕೊಂಡು ಮೌರಿಸ್ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ನಗಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ನಕ್ಕಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಹದಿನೇಳಕ್ಕೆ ಒಂದು," ಎಂದರು ಮೌರಿಸ್. "ಇದು ಶಾರ್ಟ್ ಅಲ್ಲ ಸುಬ್ರಾಯರೆ. ಇದು ಖಾಲಿ ಕಂಟೇನರ್ ಕಳಿಸಿದ ಕೇಸು. ಒಡೆಯುವ ಮೊದಲು ಬಾಟ್ಲಿಯ ಸೀಲ್ ನೋಡಿದ್ದೀರಲ್ಲ?"

ಸುಬ್ರಾಯರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ಮೂವತ್ತೊಂದು ವರ್ಷದಲ್ಲಿ ಸೀಲು ನೋಡದೆ ಒಂದು ಪೆಟ್ಟಿಗೆ ಒಡೆಸಿದವರಲ್ಲ. ಸ್ವಂತ ತೋಳಿನ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡಿದ್ದರು.

ಅದೇ ಸಂಜೆ ಅವರು ಕ್ಲಿನಿಕ್ಕಿನಲ್ಲಿದ್ದರು. ಮಿಸಿ ರೋಹಾನಾ ಪಟ್ಟಿಯನ್ನು ಓದಿ, ಅರ್ಥವಾಗದೆ ಇನ್ನೊಬ್ಬ ಮಿಸಿಯನ್ನು ಕರೆದು ತೋರಿಸಿದಳು. ಇಬ್ಬರೂ ಸೇರಿ ಓದಿದ ಮೇಲೆ ವಿಷಯ ತಿಳಿಯಿತು.

"ಜ್ವರ ಬಂತು ಅಂತ ಬಯ್ಯೋಕೆ ಬರ್ತಾರೆ ಅಂಕಲ್," ಎಂದಳು ಅವಳು, ಮಾತಿನ ಕೊನೆಗೊಂದು ಲಾ ಸೇರಿಸುವ ತನ್ನ ಮಲಯ್ ಬೆರೆಸಿದ ಇಂಗ್ಲಿಷಿನಲ್ಲಿ. "ಬರಲಿಲ್ಲ ಅಂತ ಬಂದೋರು ನೀವೇ ಫಸ್ಟ್ ಲಾ."

ಸುಬ್ರಾಯರು ಬಯ್ಯಲು ಬಂದಿರಲಿಲ್ಲ. ತಪ್ಪು ಯಾರದ್ದೇ ಇರಲಿ, ತನ್ನ ಬೇಡಿಕೆ ಒಂದೇ, ಇನ್ನೊಮ್ಮೆ ಚುಚ್ಚಬೇಕು, ಈ ಸಲ ಕಣ್ಣು ತೆರೆದುಕೊಂಡೇ ಇರುತ್ತೇನೆ ಎಂದು ವಿನಯದಿಂದ ನಿವೇದಿಸಿದರು. ಒಳಗಿನಿಂದ ಡಾಕ್ಟರು, ಮತ್ತೆ ಚುಚ್ಚುವ ಅಗತ್ಯವಿಲ್ಲ, ನೀವು ಆರೋಗ್ಯವಾಗಿದ್ದೀರಿ, ಮುಂದಿನವರು ಬನ್ನಿ ಎಂದರು. ಆರೋಗ್ಯವಾಗಿರುವುದೇ ಸಮಸ್ಯೆ ಎಂದು ವಿವರಿಸಲು ಸುಬ್ರಾಯರು ಬಾಯಿ ತೆರೆದರು. ಆದರೆ ಹಿಂದೆ ಹನ್ನೆರಡು ಮಂದಿ ಕೆಮ್ಮುತ್ತ ನಿಂತಿದ್ದರು. ಮಿಸಿ ಅವರನ್ನು ಸಾಗಹಾಕಲು ಡ್ರಾಯರಿನಿಂದ ಒಂದು ಅರ್ಜಿ ತೆಗೆದುಕೊಟ್ಟಳು. ಔಷಧಿಯಿಂದ ಅಡ್ಡಪರಿಣಾಮವಾದರೆ ಜನರು ಸರ್ಕಾರಕ್ಕೆ ತಿಳಿಸುವ ಅರ್ಜಿ ಅದು.

ಅರ್ಜಿ ಕೈಗೆ ಬಂದ ಮೇಲೆ ಸುಬ್ರಾಯರಿಗೆ ಜೀವ ಬಂತು. ಮನೆಯಲ್ಲಿ ಕೂತು ದೊಡ್ಡಕ್ಷರಗಳಲ್ಲಿ ತುಂಬಿದರು. ಪಟ್ಟಿಯಲ್ಲಿರುವುದು ಹದಿನೇಳು. ಬಂದದ್ದು ಒಂದು, ಅರ್ಧ ದಿನ ಮಾತ್ರ. ಬಾರದೆ ಇರುವುದು ಹದಿನಾರು. ದಯವಿಟ್ಟು ವ್ಯವಸ್ಥೆ ಮಾಡಬೇಕು. ಪದ್ಧತಿಯಂತೆ ಒಂದು ಪ್ರತಿ ತೆಗೆದಿಟ್ಟುಕೊಂಡು ಅಂಚೆಗೆ ಹಾಕಿದರು.

ಆರು ದಿನ ಕಾದರು. ಉತ್ತರವಿಲ್ಲ. ನಾಮಕರಣಕ್ಕೆ ಉಳಿದದ್ದು ನಾಲ್ಕೇ ದಿನ. ಬಾಯಿ ಮುಚ್ಚಿಕೊಂಡು ಹೋಗಿ ಹೆಸರು ಹೇಳಿ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆತ್ಮಸಾಕ್ಷಿ ಇರುವವನಿಗೆ ಅದೊಂದು ಕಾಯಿಲೆಯ ಹಾಗೆ. ಅದಕ್ಕೆ ಸೂಜಿಯೂ ಇಲ್ಲ. ಸುಬ್ರಾಯರು ಬುಧವಾರ ವಾಟ್ಸಾಪ್ ಗುಂಪಿನಲ್ಲಿ ಬರೆದೇಬಿಟ್ಟರು: ಎಲ್ಲರ ಗಮನಕ್ಕೆ. ನನ್ನ ಚುಚ್ಚುಮದ್ದಿಗೆ ಸಂಬಂಧಿಸಿದ ಜ್ವರ ಇತ್ಯಾದಿ ಇನ್ನೂ ತಲುಪಿಲ್ಲ. ಔಷಧಿ ಹತ್ತಿದೆಯೋ ಇಲ್ಲವೋ ಖಾತ್ರಿ ಕೊಡಲಾರೆ. ಮಗುವಿನ ಹಿತದೃಷ್ಟಿಯಿಂದ ತಾವೇ ತೀರ್ಮಾನಿಸಬೇಕು.

ಕೌಶಲ್ ಏನನ್ನೋ ಬರೆಯುತ್ತಿದ್ದಾನೆ ಎಂದು ಪರದೆ ಬಹಳ ಹೊತ್ತು ತೋರಿಸಿತು. ಕೊನೆಗೆ ಉತ್ತರ ಬಂತು. ಮಾವ ಮುಚ್ಚಿಡದೆ ಹೇಳಿದ್ದಕ್ಕೆ ಕೃತಜ್ಞತೆ, ರಿಸ್ಕ್ ಬೇಡ, ಅಮ್ಮನಿಗೆ ಜ್ವರ ಚೆನ್ನಾಗಿ ಬಂದಿರುವುದರಿಂದ ಹೆಸರನ್ನು ಅಮ್ಮನೇ ಹೇಳಲಿ. ಅದರ ಬೆನ್ನಿಗೇ ಚಾಮುಂಡಮ್ಮನವರಿಂದ ಎರಡು ಕೈಜೋಡಿಸಿದ ಚಿತ್ರ ಬಂತು, ಆಮೇಲೆ ಒಂದು ಹೂಗುಚ್ಛ.

"ಕಿವಿಯಲ್ಲಿ ಹೆಸರು ಹೇಳಲಿಕ್ಕೆ ಒಂದು ಬಾಯಿ ಇದ್ದರೆ ಸಾಕಿತ್ತು," ಎಂದರು ಸುಮತಿ. "ನಿಮಗೆ ಅದಕ್ಕೂ ದಾಖಲೆ ಬೇಕಾಯ್ತು." ಇಷ್ಟು ಹೇಳಿ ಅಡುಗೆಮನೆಗೆ ಹೋದವರು ಮರುದಿನ ಸಂಜೆಯವರೆಗೆ ಮಾತಾಡಲಿಲ್ಲ. ಕಿವಿಯಲ್ಲಿ ಹೇಳುವ ಅಭ್ಯಾಸವೂ ನಿಂತಿತು.

ಶುಕ್ರವಾರ ಮಧ್ಯಾಹ್ನ ಫೋನು ಬಂತು. ಸರ್ಕಾರಿ ಕಚೇರಿಯ ಅಧಿಕಾರಿಣಿ. ಹೆಸರನ್ನು ಗಾಬರಿಯಲ್ಲಿ ಸುಬ್ರಾಯರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಮ್ಮ ಅರ್ಜಿ ಮೂರು ಮೇಜು ಸುತ್ತಿ ತನ್ನಲ್ಲಿಗೆ ಬಂದಿದೆ, ತುಂಬುವಾಗ ತಪ್ಪಾಗಿದೆಯೇ ಎಂದು ಆಕೆ ಕೇಳಿದಳು. ತಪ್ಪಿಲ್ಲ, ಎರಡು ಸಲ ನೋಡಿಯೇ ಕಳಿಸಿದ್ದು ಎಂದರು ಸುಬ್ರಾಯರು. ಅತ್ತ ಕಡೆ ಯಾರೋ ನಗು ತಡೆದುಕೊಂಡ ಹಾಗೆ ಕೇಳಿಸಿತು. ಆಮೇಲೆ ಆಕೆ ಮಗುವಿಗೆ ತುತ್ತು ಕೊಡುವ ತಾಳ್ಮೆಯಿಂದ ವಿವರಿಸಿದಳು. ಅದು ನಿಮಗೆ ಕಳಿಸಿದ ಸಾಮಾನಿನ ಪಟ್ಟಿ ಅಲ್ಲ. ಸಾವಿರಾರು ಜನಕ್ಕೆ ಹಾಕಿ, ಯಾರಿಗೆ ಏನಾಯಿತು ಎಂದು ಕೇಳಿ ಬರೆದುಕೊಂಡದ್ದು. ಒಬ್ಬರಿಗೆ ತೋಳುನೋವು, ಒಬ್ಬರಿಗೆ ಜ್ವರ. ಬಂದರೂ ಒಂದೆರಡು ದಿನದಲ್ಲಿ ಹೋಗುತ್ತದೆ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಮಾತ್ರ ಕೂಡಲೇ ಓಡಿ ಬರಬೇಕು; ಅದು ತೀರ ಅಪರೂಪ. ಏನೂ ಆಗದವರ ಮೈಯಲ್ಲೂ ಔಷಧಿ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಲೇ ಇರುತ್ತದೆ. ಗದ್ದಲವಾಗದಿದ್ದರೆ ಕೆಲಸವೇ ಆಗಲಿಲ್ಲ ಎಂದು ತಿಳಿಯಬಾರದು.

ಹಾಗಾದರೆ ಏನೂ ಬಾರದವರ ಬಗ್ಗೆ ಕಾಗದದಲ್ಲಿ ಯಾಕೆ ಒಂದು ಸಾಲೂ ಇಲ್ಲ ಎಂದು ಸುಬ್ರಾಯರು ಕೊನೆಯ ಅನುಮಾನ ಎತ್ತಿದರು.

"ಹತ್ತರಲ್ಲಿ ಒಬ್ಬರಿಗೆ ಜ್ವರ ಬರಬಹುದು ಅಂತ ಬರೆದಿದೆಯಲ್ಲ ಸರ್," ಎಂದಳು ಅಧಿಕಾರಿಣಿ. "ಉಳಿದ ಒಂಬತ್ತು ಜನ ಯಾರು ಅಂದುಕೊಂಡಿದ್ದೀರಿ?"

ಸುಬ್ರಾಯರು ಫೋನನ್ನು ಕೆಳಗಿಟ್ಟು ಎದ್ದು ನಿಂತರು. ಆ ಒಂಬತ್ತು ಜನರಲ್ಲಿ ತಾನೂ ಒಬ್ಬ. ಜ್ವರ ಬಂದ ಬೀಗಿತ್ತಿ ಒಬ್ಬರೇ, ಇತ್ತ ಕಡೆ ಒಂಬತ್ತು.

ಆದರೆ ಕೈಬಿಟ್ಟ ಪದವಿಯನ್ನು ಮರಳಿ ಕೇಳುವುದು ಹೇಗೆ? ಹೇಳಿದರೆ ಆಸೆಬುರುಕ ಎಂದಾರು. ಅವರು ಸುಮತಿಗೂ ಹೇಳಲಿಲ್ಲ.

ಭಾನುವಾರ ಬ್ರಿಕ್‌ಫೀಲ್ಡ್ಸಿನ ಮನೆ ಹೂವು, ಹೆಸರುಬೇಳೆ ಪಾಯಸ, ಸ್ಯಾನಿಟೈಸರ್ ಮೂರರ ವಾಸನೆಯಿಂದಲೂ ಘಮಘಮಿಸುತ್ತಿತ್ತು. ಸುಬ್ರಾಯರು ಮೂರು ಸಲ ಕೈ ತೊಳೆದು, ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಕುರ್ಚಿಯಲ್ಲಿ ಕೂತರು. ಚಾಮುಂಡಮ್ಮ ಜರಿಸೀರೆ ಉಟ್ಟು ನಡುಮನೆಯಲ್ಲಿ ಕೂತು, ಬಂದವರಿಗೆಲ್ಲ ನೂರಾ ಎರಡರ ಕಥೆ ಹೇಳುತ್ತಿದ್ದರು. ಆ ಹೊತ್ತಿಗೆ ಅದು ನೂರಾ ಮೂರಕ್ಕೆ ಏರಿತ್ತು.

ಪುರೋಹಿತರು ಇನ್ನೇನು ಅಕ್ಕಿಯ ತಟ್ಟೆ ಎಳೆದುಕೊಳ್ಳಬೇಕು, ಕೌಶಲ್ ಲ್ಯಾಪ್‌ಟಾಪ್ ಹಿಡಿದುಕೊಂಡು ಒಳಗಿನಿಂದ ಬಂದ. ಮುಖ ಬಿಳಿಚಿತ್ತು. ಮಗುವಿಗೆ ಗುರುವಾರ ಎರಡನೆಯ ತಿಂಗಳ ಚುಚ್ಚುಮದ್ದು ಹಾಕಿಸಿದ್ದರು. ಅವನು ಮೂರು ದಿನದಿಂದ ಗಂಟೆಗೊಮ್ಮೆ ಜ್ವರ ಅಳೆದು ಬರೆದಿಟ್ಟಿದ್ದ. ಪರದೆಯ ಮೇಲಿನ ಗ್ರಾಫಿನ ಗೆರೆ ಹಲಗೆಯಷ್ಟು ಸಪಾಟಾಗಿತ್ತು. ಮಗು ಅತ್ತಿಲ್ಲ, ಬಿಸಿಯಾಗಿಲ್ಲ, ಹಾಲು ಕುಡಿದು ನಿದ್ದೆ ಮಾಡಿದೆ. ಹಾಕಿದ್ದು ಹತ್ತಿಲ್ಲವೇನೋ ಎಂದು ಅವನಿಗೆ ಭಯ.

"ನಂಗೇ ಮಂಚ ಅಲ್ಲಾಡ್ತು, ಇದಕ್ಕೆ ಒಂದು ಚೂರೂ ಇಲ್ಲ ಅಂದ್ರೆ ಏನರ್ಥ?" ಎಂದರು ಚಾಮುಂಡಮ್ಮ. "ನಾಳೆನೇ ಕರ್ಕೊಂಡ್ಹೋಗಿ ಇನ್ನೊಂದ್ಸಲ ಹಾಕ್ಸು."

ನೆಂಟರೆಲ್ಲ ಹೌದು ಹೌದು ಎಂದರು. ಕೌಶಲ್ ಆಗಲೇ ಫೋನು ತೆಗೆದು ಆಸ್ಪತ್ರೆಯ ಸಮಯ ಹುಡುಕತೊಡಗಿದ.

ಚಪ್ಪಲಿ ಸ್ಟ್ಯಾಂಡಿನ ಕಡೆಯಿಂದ ಕುರ್ಚಿ ಬಿದ್ದ ಸದ್ದಾಯಿತು. ಸುಬ್ರಾಯರು ಎದ್ದು ನಿಂತಿದ್ದರು. ತನಗಾಗಿ ಒಂದು ಮಾತನ್ನೂ ಕೇಳಲಾರದೆ ಎರಡು ದಿನ ಕೊರಗಿದ ಮನುಷ್ಯ, ಮಗುವಿನ ತೊಡೆಗೆ ಸುಮ್ಮಸುಮ್ಮನೆ ಇನ್ನೊಂದು ಸೂಜಿ ಎಂದೊಡನೆ ನಡುಮನೆಗೆ ಬಂದುಬಿಟ್ಟಿದ್ದರು.

"ಬೇಡ," ಎಂದರು, ಎರಡು ಮಾಸ್ಕಿನ ಒಳಗಿನಿಂದ. "ಜ್ವರ ಬರಲಿಲ್ಲ ಅಂತ ಪುನಃ ಚುಚ್ಚುವುದಲ್ಲ ಕೌಶಲ್. ಬಂದರೂ ಸರಿ, ಬಾರದಿದ್ದರೂ ಸರಿ. ಅದು ಕೆಲಸ ಮಾಡ್ತಾ ಉಂಟು, ನಮಗೆ ಹೇಳಿ ಮಾಡುವುದಿಲ್ಲ ಅಷ್ಟೆ. ಬೇಕಾದರೆ ನಾಳೆ ಮಗುವಿನ ಡಾಕ್ಟರನ್ನೇ ಕೇಳು."

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಹತ್ತರಲ್ಲಿ ಒಬ್ಬರು ಯಾರು, ಒಂಬತ್ತು ಜನ ಯಾರು, ಯಾವುದಕ್ಕೆ ಓಡಬೇಕು, ಯಾವುದಕ್ಕೆ ಸುಮ್ಮನಿರಬೇಕು, ಸೂಜಿ ಹಾಕಿಸಿಕೊಂಡರೂ ಕೆಮ್ಮು ಬಂದವರು ಯಾಕೆ ಮಗುವಿನಿಂದ ದೂರ ಇರಬೇಕು, ಎಲ್ಲವನ್ನೂ ಹುಟ್ಟಿದಾರಭ್ಯ ತಾನೇ ಬಲ್ಲವನಂತೆ ಹೇಳುತ್ತ ಹೋದರು. ಬೀಗಿತ್ತಿಯವರ ಜ್ವರವೂ ಸರ್ಕಾರದ ಲೆಕ್ಕದಲ್ಲಿ ಉಂಟು ಎಂದಾಗ ಚಾಮುಂಡಮ್ಮ ಸೆರಗು ಸರಿಪಡಿಸಿಕೊಂಡರು. ಕೌಶಲ್‌ಗೆ ನಂಬಬೇಕೆಂದು ಆಸೆ. ಆದರೂ ಬೆರಳು ಫೋನಿನ ಮೇಲೆಯೇ ಇತ್ತು. ಅನನ್ಯಳಿಗೆ ತಾಳ್ಮೆ ಮುಗಿಯಿತು. ಗಂಡನ ಕೈಯಿಂದ ಫೋನು ಕಿತ್ತುಕೊಳ್ಳಲು ಅವಳಿಗೆ ಎರಡೂ ಕೈ ಬೇಕಿತ್ತು. ಮಗುವನ್ನು ಹತ್ತಿರ ಸಿಕ್ಕಿದ ಕೈಗಳಿಗೆ ಕೊಟ್ಟು ಆ ಕೆಲಸಕ್ಕೆ ಹೋದಳು.

ಸುಬ್ರಾಯರು ಇನ್ನೂ ಎರಡು ವಾಕ್ಯ ಮಾತಾಡಿದ ಮೇಲೆ ಕೈ ಬೆಚ್ಚಗಾದದ್ದು ಅವರ ಗಮನಕ್ಕೆ ಬಂತು. ಕೆಳಗೆ ನೋಡಿದರು. ಮಗು ಅವರನ್ನೇ ನೋಡುತ್ತಿತ್ತು. ವಾಕ್ಯ ನಡುವಿನಲ್ಲೇ ನಿಂತಿತು.

ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಮೆಲ್ಲಗೆ ಹೇಳಿದರು. ಎಲ್ಲರೂ ಚಾಮುಂಡಮ್ಮನವರ ಕಡೆ ತಿರುಗಿದರು. ಚಾಮುಂಡಮ್ಮ ಒಂದು ಸಲ ಮಗುವನ್ನು ನೋಡಿದರು, ಒಂದು ಸಲ ಅದನ್ನು ಗಾಜಿನ ಸಾಮಾನಿನ ಹಾಗೆ ಹಿಡಿದು ಅಲುಗಾಡದೆ ನಿಂತ ಬೀಗರನ್ನು ನೋಡಿದರು.

"ಇಷ್ಟೊತ್ತು ಊರಿಗೆಲ್ಲ ಕೇಳೋ ಹಾಗೆ ಮಾತಾಡಿದ್ರಲ್ಲ ಬೀಗ್ರೇ," ಎಂದರು, "ಈಗ ಆ ಕೂಸಿಗೆ ಮಾತ್ರ ಕೇಳೋ ಹಾಗೆ ಒಂದೇ ಒಂದು ಮಾತು ಹೇಳಿಬಿಡಿ."

ಸುಬ್ರಾಯರು ಹೆಂಡತಿಯ ಮುಖ ನೋಡಿದರು. ಸುಮತಿ ಬೇರೆಲ್ಲೋ ನೋಡುತ್ತ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನೆಗಡಿಯಲ್ಲ ಎಂದು ಐದನೆಯ ನಿಯಮದ ಭಯದಿಂದ ಪಕ್ಕದವರಿಗೆ ಹೇಳುತ್ತಲೂ ಇದ್ದರು. ಸುಬ್ರಾಯರು ಬಗ್ಗಿದರು. ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಮಗು ಮೂಗು ಸುಕ್ಕು ಮಾಡಿ, ಕಣ್ಣು ಮುಚ್ಚಿ, ಅಜ್ಜನ ಮುಖದ ನಡುಮಧ್ಯಕ್ಕೆ ಸರಿಯಾಗಿ ಸೀನಿತು.

ಚಾಮುಂಡಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಕೌಶಲ್ ಸ್ಯಾನಿಟೈಸರ್ ಹುಡುಕಲು ಒಳಗೆ ಓಡಿದ. ಸುಬ್ರಾಯರು ಮಾತ್ರ ಅಲುಗಾಡಲಿಲ್ಲ, ಕನ್ನಡಕವನ್ನೂ ಒರೆಸಿಕೊಳ್ಳಲಿಲ್ಲ. ಹನಿಬಿದ್ದ ಗಾಜಿನ ಆಚೆ ಗಾನವಿ ಎರಡೆರಡಾಗಿ ಕಾಣುತ್ತಿದ್ದಳು. ಅವರು ಎರಡನ್ನೂ ನೋಡಿ ನಕ್ಕರು.